ಬೂಟ್ ಆಗದ ಲಿನಕ್ಸ್: 32 ಬಿಟ್ ಫರ್ಮ್‌ವೇರ್ ಇದ್ದ ಪುಟ್ಟ ಲ್ಯಾಪ್‌ಟಾಪೊಂದರ ಪ್ರಕರಣ

ಯಂತ್ರ ಮತ್ತು ದೂರು

ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ಬಳಿ 2015ರ ಸುಮಾರಿಗೆ ಕೊಂಡ ಪುಟ್ಟ ಲ್ಯಾಪ್‌ಟಾಪ್ ಇದೆ. ಹತ್ತು ಇಂಚಿನ ಪರದೆ, ಬೇಕೆಂದಾಗ ಕಳಚಿಡಬಹುದಾದ ಕೀಲಿಮಣೆ, ಒಳಗೆ ಇಂಟೆಲ್ ಆಟಮ್ ಝಡ್3735ಎಫ್ ಪ್ರೊಸೆಸರ್, 2 ಜಿಬಿ ರ‍್ಯಾಮ್ ಮತ್ತು 32 ಜಿಬಿ ಇಎಂಎಂಸಿ ಸಂಗ್ರಹ. ರ‍್ಯಾಮನ್ನಾಗಲಿ ಸಂಗ್ರಹವನ್ನಾಗಲಿ ಹೆಚ್ಚಿಸಲು ಬರುವುದಿಲ್ಲ. ಎರಡೂ ಬೋರ್ಡಿಗೇ ಬೆಸುಗೆಯಾಗಿವೆ. ದೊಡ್ಡ ಯುಎಸ್‌ಬಿ ಕಿಂಡಿ ಇರುವುದು ಒಂದೇ. ಕೊಂಡಾಗ ಇದ್ದ ವಿಂಡೋಸ್ 8.1 ಆಮೇಲೆ ವಿಂಡೋಸ್ 10 ಆಯಿತು, ಅಲ್ಲಿಂದ ಮುಂದೆ ಪ್ರತಿ ದೊಡ್ಡ ಅಪ್‌ಡೇಟಿಗೂ ಜಾಗ ಸಾಲದೆ ಯಂತ್ರ ಏದುಸಿರು ಬಿಡತೊಡಗಿತು, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೇ ಮುಗಿಯಿತು. ಪತ್ರ, ಲೇಖನಗಳನ್ನು ಟೈಪ್ ಮಾಡುವುದು ಮತ್ತು ಇಮೇಲ್ ನೋಡುವುದು, ಇಷ್ಟೇ ಮೇಷ್ಟ್ರ ಅಗತ್ಯವಾದ್ದರಿಂದ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ಬಳಸಬಹುದೆಂದು ಮನೆಯವರು ತೀರ್ಮಾನಿಸಿದರು.

ಇಂಜಿನಿಯರಿಂಗ್ ಓದುತ್ತಿರುವ ಅವರ ಮೊಮ್ಮಗ ಒಂದು ಪ್ರಸಿದ್ಧ ಲಿನಕ್ಸ್ ವಿತರಣೆಯ 64 ಬಿಟ್ ಆವೃತ್ತಿಯನ್ನು ಪೆನ್‌ಡ್ರೈವಿಗೆ ಹಾಕಿದ. ಅದು ಅವನ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಬೂಟ್ ಆಯಿತು, ಅಜ್ಜನ ಯಂತ್ರದಲ್ಲಿ ಮಾತ್ರ ಆಗಲಿಲ್ಲ. ಹೊಸ ಪೆನ್‌ಡ್ರೈವ್ ತಂದದ್ದೂ ಪ್ರಯೋಜನವಾಗಲಿಲ್ಲ. ಸೆಕ್ಯೂರ್ ಬೂಟ್ ಮತ್ತು ಫಾಸ್ಟ್ ಬೂಟ್ ಎರಡನ್ನೂ ಆಫ್ ಮಾಡಿ ನೋಡಿದ್ದಾಯಿತು. ಲೆಗಸಿ ಬೂಟ್ (ಹಳೆಯ ಬೂಟ್ ವಿಧಾನ) ಆನ್ ಮಾಡಿ ಎಂಬ ಸಲಹೆ ಬಂತಾದರೂ ಈ ಯಂತ್ರದ ಸೆಟಪ್ಪಿನಲ್ಲಿ ಅಂಥ ಆಯ್ಕೆಯೇ ಇಲ್ಲ. ಕೊನೆಗೆ ರಿಪೇರಿ ಅಂಗಡಿಯೊಂದರಲ್ಲಿ ಯುಎಸ್‌ಬಿ ಭಾಗ ಕೆಟ್ಟಿದೆ, ಬೋರ್ಡ್ ಬದಲಿಸಬೇಕು ಎಂದು ಹೇಳಿದರಂತೆ. ಯಂತ್ರ ನನ್ನ ಮೇಜಿಗೆ ಬಂದದ್ದು ಆ ಮಾತಿನ ನಂತರ.

ಮೇಷ್ಟ್ರು ದೂರನ್ನು ಒಂದೇ ವಾಕ್ಯದಲ್ಲಿ ಹೇಳಿದರು: "ಪೆನ್‌ಡ್ರೈವ್ ಹಾಕಿದರೆ ಅದು ಮೂಸಿಯೂ ನೋಡುವುದಿಲ್ಲ." ಉಳಿದ ಎಲ್ಲ ವಿವರಗಳಿಗಿಂತ ಈ ಮಾತೇ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ದೋಷದ ಸಂದೇಶವಿಲ್ಲ, ಲಿನಕ್ಸನ್ನು ಎಬ್ಬಿಸುವ ತಂತ್ರಾಂಶವಾದ ಗ್ರಬ್‌ನ ಮೆನು ಇಲ್ಲ, ಮಿನುಗುವ ಕರ್ಸರ್ ಕೂಡ ಇಲ್ಲ. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವಿನ ಹೆಸರೇ ಬರುವುದಿಲ್ಲ, ಯಂತ್ರ ನೇರವಾಗಿ ವಿಂಡೋಸಿಗೆ ಹೋಗುತ್ತದೆ ಎಂಬುದು ಅದರ ತಾತ್ಪರ್ಯ.

ಬೂಟ್ ಆಗುತ್ತಿಲ್ಲ ಎಂಬುದು ಒಂದು ರೋಗದ ಹೆಸರಲ್ಲ. ಯಂತ್ರದೊಳಗೇ ಇದ್ದು, ಆನ್ ಮಾಡಿದೊಡನೆ ಮೊದಲು ಓಡುವ ತಂತ್ರಾಂಶವಾದ ಫರ್ಮ್‌ವೇರ್ ಒಂದು ಇಎಫ್‌ಐ ಕಡತವನ್ನು ಹುಡುಕಿ ಚಲಾಯಿಸುತ್ತದೆ, ಆ ಕಡತವಾದ ಗ್ರಬ್, ಲಿನಕ್ಸಿನ ಕೇಂದ್ರ ಭಾಗವಾದ ಕರ್ನಲ್ಲನ್ನೂ ಆರಂಭಕ್ಕೆ ಬೇಕಾದ ಡ್ರೈವರ್‌ಗಳ ಕಟ್ಟಾದ ಇನಿಟ್‌ರ‍್ಯಾಮ್‌ಎಫ್‌ಎಸ್ಸನ್ನೂ ಮೆಮೊರಿಗೆ ತಂದು ಕರ್ನಲ್ಲಿಗೆ ಅಧಿಕಾರ ಒಪ್ಪಿಸುತ್ತದೆ, ಕರ್ನಲ್ ಬೇಕಾದ ಡ್ರೈವರ್‌ಗಳನ್ನು ಎಬ್ಬಿಸಿ ಮೂಲ ಪಾರ್ಟಿಷನ್ನನ್ನು ಹುಡುಕುತ್ತದೆ, ಅಲ್ಲಿಂದ ಸಿಸ್ಟಂಡಿ ಉಳಿದ ಸೇವೆಗಳನ್ನು ಆರಂಭಿಸಿ ಕೊನೆಗೆ ಲಾಗಿನ್ ಪರದೆ ಬರುತ್ತದೆ. ಈ ಸರಣಿಯ ಯಾವ ಕೊಂಡಿ ಕಳಚಿದರೂ ಬಳಕೆದಾರರ ಕಣ್ಣಿಗೆ ಕಾಣುವುದು ಹೆಚ್ಚುಕಡಿಮೆ ಒಂದೇ ಕಪ್ಪು ಪರದೆ. ಆದ್ದರಿಂದ ಏಕೆ ನಿಂತಿತು ಎಂದು ಕೇಳುವ ಮೊದಲು ಎಲ್ಲಿ ನಿಂತಿತು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಈ ಯಂತ್ರದಲ್ಲಿ ಒಂದರ ಹಿಂದೆ ಒಂದರಂತೆ ಮೂರು ದೋಷಗಳು ಅಡಗಿದ್ದವು, ಮೂರೂ ಬೇರೆ ಬೇರೆ ಹಂತದವು; ಒಂದನ್ನು ಸರಿಪಡಿಸಿದರೆ ಮುಂದಿನದು ಕಾಣಿಸಿಕೊಳ್ಳುತ್ತಿದ್ದುದರಿಂದ ಏನು ಮಾಡಿದರೂ ಏನೂ ಬದಲಾಗುತ್ತಿಲ್ಲವೆಂಬ ಭಾವನೆ ಹುಟ್ಟುವುದು ಸಹಜವಾಗಿತ್ತು.

ಪೆನ್‌ಡ್ರೈವ್ ಕಾಣದ ಹಂತ

ಮೊದಲು ನೋಡಿದ್ದು ಅಂಗಡಿಯವರ ಮಾತು ನಿಜವೇ ಎಂಬುದನ್ನು. ವಿಂಡೋಸ್ ಇನ್ನೂ ಜೀವಂತವಾಗಿತ್ತು. ಅದರಲ್ಲಿ ಅದೇ ಕಿಂಡಿಗೆ ಅದೇ ಪೆನ್‌ಡ್ರೈವ್ ಚುಚ್ಚಿದಾಗ ಒಳಗಿನ ಕಡತಗಳೆಲ್ಲ ತೆರೆದುಕೊಂಡವು, ದೊಡ್ಡ ಕಡತವೊಂದನ್ನು ನಕಲು ಮಾಡಿದರೂ ನಡುವೆ ಕಡಿಯಲಿಲ್ಲ. ಅಲ್ಲಿಗೆ ಯುಎಸ್‌ಬಿ ಕೆಟ್ಟಿದೆ ಎಂಬ ವಾದ ಬಿದ್ದುಹೋಯಿತು. ಪೆನ್‌ಡ್ರೈವ್ ಬೇರೆ ಯಂತ್ರದಲ್ಲಿ ಬೂಟ್ ಆಗುತ್ತಿದ್ದುದರಿಂದ ಅದೂ ನಿರ್ದೋಷಿ. ಎರಡೂ ಸರಿಯಿದ್ದು ಒಂದಕ್ಕೊಂದು ಹೊಂದುತ್ತಿಲ್ಲವೆಂದರೆ ಹುಡುಕಬೇಕಾದದ್ದು ಅವುಗಳ ನಡುವಿನ ಒಪ್ಪಂದವನ್ನು.

ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಯಂತ್ರದ ವಿವರ ತೋರಿಸುವ ಪುಟ ತೆರೆದಾಗ ಸಿಸ್ಟಂ ಟೈಪ್ ಎಂಬುದರ ಮುಂದೆ ಹೀಗೆ ಬರೆದಿತ್ತು: 32 ಬಿಟ್ ಆಪರೇಟಿಂಗ್ ಸಿಸ್ಟಂ, ಎಕ್ಸ್64 ಆಧಾರಿತ ಪ್ರೊಸೆಸರ್. ಹೆಚ್ಚಿನವರು ಈ ಸಾಲನ್ನು ಓದಿ ಪ್ರೊಸೆಸರ್ 64 ಬಿಟ್ಟಿನದು, ಹಾಗಾದರೆ 64 ಬಿಟ್ ಲಿನಕ್ಸ್ ನಡೆಯುತ್ತದೆ ಎಂದು ಮುಂದೆ ಹೋಗುತ್ತಾರೆ. ಪ್ರೊಸೆಸರ್ ವಿಷಯದಲ್ಲಿ ಅದು ಸರಿಯೇ. ಆದರೆ ಸಾಲಿನ ಮೊದಲರ್ಧ ಇನ್ನೊಂದು ಸುದ್ದಿ ಹೇಳುತ್ತಿದೆ. ಯುಇಎಫ್‌ಐ ಎಂಬ ಈಗಿನ ವಿಧಾನದಲ್ಲಿ ಬೂಟ್ ಆಗುವ ವಿಂಡೋಸಿನ ಬಿಟ್ ಗಾತ್ರವೂ ಫರ್ಮ್‌ವೇರಿನ ಬಿಟ್ ಗಾತ್ರವೂ ಒಂದೇ ಆಗಿರಲೇಬೇಕು. ಲೆಗಸಿ ವಿಧಾನವೇ ಇಲ್ಲದ ಯಂತ್ರವೊಂದರಲ್ಲಿ 32 ಬಿಟ್ ವಿಂಡೋಸ್ ಓಡುತ್ತಿದೆಯೆಂದರೆ ಅದರ ಫರ್ಮ್‌ವೇರ್ 32 ಬಿಟ್ಟಿನದೇ. ಅಂದರೆ ಮಿದುಳು 64 ಬಿಟ್ಟಿನದು, ಹೊಸ್ತಿಲಲ್ಲಿ ಕುಳಿತ ಕಾವಲುಗಾರನಿಗೆ ಮಾತ್ರ 32 ಬಿಟ್ಟಿನ ಭಾಷೆಯಷ್ಟೇ ತಿಳಿಯುತ್ತದೆ.

ಇದರ ಪರಿಣಾಮ ನೇರವಾಗಿದೆ. ಪೆನ್‌ಡ್ರೈವಿನಂಥ ಕಳಚಬಹುದಾದ ಸಾಧನದಿಂದ ಬೂಟ್ ಮಾಡುವಾಗ ಯುಇಎಫ್‌ಐ ಫರ್ಮ್‌ವೇರ್ ಇಎಫ್‌ಐ ಎಂಬ ಕೋಶದೊಳಗಿನ ಬೂಟ್ ಎಂಬ ಕೋಶದಲ್ಲಿ ನಿಗದಿತ ಹೆಸರಿನ ಒಂದು ಕಡತವನ್ನು ಹುಡುಕುತ್ತದೆ. 64 ಬಿಟ್ ಫರ್ಮ್‌ವೇರ್ ಆದರೆ ಆ ಹೆಸರು ಬೂಟ್‌ಎಕ್ಸ್64.ಇಎಫ್‌ಐ, 32 ಬಿಟ್ ಫರ್ಮ್‌ವೇರ್ ಆದರೆ ಬೂಟ್‌ಐಎ32.ಇಎಫ್‌ಐ. ಮೊಮ್ಮಗನ ಪೆನ್‌ಡ್ರೈವಿನ ಆ ಕೋಶವನ್ನು ತೆರೆದು ನೋಡಿದಾಗ ಬೂಟ್‌ಎಕ್ಸ್64 ಇತ್ತು, ಅದರ ಪಕ್ಕದಲ್ಲಿ ಗ್ರಬ್‌ಎಕ್ಸ್64 ಇತ್ತು, ಐಎ32 ಎಂಬ ಅಕ್ಷರಗಳಿದ್ದ ಯಾವ ಕಡತವೂ ಇರಲಿಲ್ಲ. ತನಗೆ ಬೇಕಾದ ಹೆಸರು ಸಿಗದ ಸಾಧನವನ್ನು ಈ ಫರ್ಮ್‌ವೇರ್ ಬೂಟ್ ಮೆನುವಿಗೇ ಸೇರಿಸುವುದಿಲ್ಲ. ದೋಷವೆಂದು ಹೇಳುವ ಸೌಜನ್ಯವನ್ನೂ ತೋರುವುದಿಲ್ಲ. ಮೂಸಿಯೂ ನೋಡದಿರುವುದಕ್ಕೆ ಕಾರಣ ಇದೇ.

ಇಂಥ ಜೋಡಣೆ ಈ ಒಂದು ಯಂತ್ರದ ವಿಚಿತ್ರವಲ್ಲ. ಬೇ ಟ್ರೇಲ್ ಎಂದು ಕರೆಯಲಾದ ಆಟಮ್ ಪೀಳಿಗೆಯ ಅಗ್ಗದ ಟ್ಯಾಬ್ಲೆಟ್ ಮತ್ತು ಪುಟ್ಟ ಲ್ಯಾಪ್‌ಟಾಪುಗಳಲ್ಲಿ 2014ರಿಂದ ಮುಂದಿನ ಕೆಲವು ವರ್ಷ ಇದು ಸಾಮಾನ್ಯವಾಗಿತ್ತು. 2 ಜಿಬಿ ರ‍್ಯಾಮ್ ಮತ್ತು ಚಿಕ್ಕ ಸಂಗ್ರಹಕ್ಕೆ 32 ಬಿಟ್ ವಿಂಡೋಸ್ ಹಗುರವಾಗಿ ಹೊಂದುತ್ತಿತ್ತು, ಅದಕ್ಕೆ ತಕ್ಕಂತೆ ಫರ್ಮ್‌ವೇರ್ ಕೂಡ 32 ಬಿಟ್ ಆಯಿತು. ಅದಕ್ಕೂ ಮೊದಲು, 2006–07ರ ಕೆಲವು ಆಪಲ್ ಮ್ಯಾಕ್‌ಗಳಲ್ಲಿಯೂ 64 ಬಿಟ್ ಕೋರ್ 2 ಡ್ಯುಯೋ ಪ್ರೊಸೆಸರಿನ ಜೊತೆಗೆ 32 ಬಿಟ್ ಇಎಫ್‌ಐ ಇತ್ತು.

ಕಾರಣ ತಿಳಿದ ಮೇಲೆ ದಾರಿಗಳು ಮೂರು. ಒಂದು, ಪೂರ್ತಿ 32 ಬಿಟ್ ಲಿನಕ್ಸನ್ನೇ ಹಾಕುವುದು. ಹತ್ತು ವರ್ಷದ ಹಿಂದೆ ಇದು ಸಹಜ ಉತ್ತರವಾಗಿತ್ತು, ಈಗ ಅಲ್ಲ: ವಿತರಣೆಗಳ ಪೈಕಿ ಆರ್ಚ್ 2017ರಲ್ಲಿ, ಫೆಡೋರಾ 2019ರಲ್ಲಿ 32 ಬಿಟ್ ಪಿಸಿಗಳನ್ನು ಕೈಬಿಟ್ಟವು, 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. ಪ್ರೊಸೆಸರಿಗೆ 64 ಬಿಟ್ ಓಡಿಸುವ ಶಕ್ತಿಯಿರುವಾಗ ಮುಚ್ಚುತ್ತಿರುವ ಬಾಗಿಲಿಗೆ ಹೋಗಿ ನಿಲ್ಲಬೇಕಾದ ಅಗತ್ಯವೂ ಇರಲಿಲ್ಲ. ಎರಡು, ಎಲ್ಲಿಂದಲೋ ಒಂದು ಬೂಟ್‌ಐಎ32 ಕಡತವನ್ನು ತಂದು ಮೊಮ್ಮಗನ ಪೆನ್‌ಡ್ರೈವಿನ ಅದೇ ಕೋಶಕ್ಕೆ ಹಾಕುವುದು. ಈ ಉಪಾಯದಿಂದ ಪೆನ್‌ಡ್ರೈವೇನೋ ಬೂಟ್ ಆಗುತ್ತದೆ, ಆದರೆ ಇನ್‌ಸ್ಟಾಲರಿಗೆ ಫರ್ಮ್‌ವೇರಿನ ಬಿಟ್ ಗಾತ್ರವನ್ನು ವಿಚಾರಿಸುವ ತಿಳಿವಳಿಕೆ ಇಲ್ಲದಿದ್ದರೆ ಅದು ಒಳಗಿನ ಸಂಗ್ರಹಕ್ಕೆ ಮತ್ತೆ 64 ಬಿಟ್ ಗ್ರಬ್ಬನ್ನೇ ಹಾಕುತ್ತದೆ, ನಾವು ಮತ್ತೆ ಮೊದಲಿನ ಸ್ಥಳಕ್ಕೇ ಬಂದು ನಿಲ್ಲುತ್ತೇವೆ. ಜೊತೆಗೆ, ಯಾರೋ ಕಟ್ಟಿದ ಬೂಟ್ ಕಡತವನ್ನು ಗೊತ್ತಿಲ್ಲದ ಜಾಗದಿಂದ ಇಳಿಸಿ ಇನ್ನೊಬ್ಬರ ಯಂತ್ರಕ್ಕೆ ಹಾಕುವುದು ನನಗೆ ಒಪ್ಪಿಗೆಯಾಗುವ ಕೆಲಸವಲ್ಲ.

ಮೂರನೆಯದು, ಎರಡೂ ಬಗೆಯ ಫರ್ಮ್‌ವೇರಿಗೆ ತಯಾರಾಗಿರುವ 64 ಬಿಟ್ ವಿತರಣೆಯನ್ನು ಬಳಸುವುದು. ಡೆಬಿಯನ್ 12ರ 64 ಬಿಟ್ ಇಮೇಜಿನಲ್ಲಿ (ಪೆನ್‌ಡ್ರೈವಿಗೆ ಬರೆಯುವ ಇನ್‌ಸ್ಟಾಲ್ ಕಡತದಲ್ಲಿ) ಬೂಟ್‌ಎಕ್ಸ್64 ಮತ್ತು ಬೂಟ್‌ಐಎ32 ಎರಡೂ ಇರುತ್ತವೆ. 32 ಬಿಟ್ ಗ್ರಬ್ 64 ಬಿಟ್ ಕರ್ನಲ್ಲನ್ನು ಎಬ್ಬಿಸುವುದು ಸಾಧ್ಯವೇ ಎಂಬ ಸಂಶಯ ಇಲ್ಲಿ ಬರಬಹುದು. 2014ರಲ್ಲಿ ಬಂದ 3.15ನೇ ಕರ್ನಲ್ಲಿನಿಂದ ಇದು ಸಾಧ್ಯವಾಗಿದೆ. ಮಿಕ್ಸೆಡ್ ಮೋಡ್ ಎಂಬ ಈ ಸೌಲಭ್ಯವಿದ್ದರೆ 64 ಬಿಟ್ ಕರ್ನಲ್ ತನ್ನ ಪಾಡಿಗೆ ತಾನು ಓಡುತ್ತ, ಫರ್ಮ್‌ವೇರನ್ನು ಕರೆಯಬೇಕಾದಾಗ ಮಾತ್ರ 32 ಬಿಟ್ ಸ್ಥಿತಿಗೆ ಇಳಿದು ಕೆಲಸ ಮುಗಿಸಿ ಹಿಂದಿರುಗುತ್ತದೆ. ಕರ್ನಲ್ ಕಟ್ಟುವಾಗಲೇ ಈ ಆಯ್ಕೆಯನ್ನು ಸೇರಿಸಿರಬೇಕು ಎಂಬುದೊಂದೇ ಷರತ್ತು, ಡೆಬಿಯನ್ ಅದನ್ನು ಸೇರಿಸಿದೆ.

ಮೇಷ್ಟ್ರ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡು ಡೆಬಿಯನ್ 12ರ ಇಮೇಜನ್ನು ಪೆನ್‌ಡ್ರೈವಿಗೆ ಇದ್ದದ್ದು ಇದ್ದಂತೆ ಬರೆದೆ. ಕಡತಗಳನ್ನು ಬಿಡಿಸಿ ಹಾಕುವ ವಿಧಾನಕ್ಕಿಂತ ಇದು ನಂಬಿಕೆಗೆ ಹೆಚ್ಚು ಅರ್ಹ. ಯಂತ್ರಕ್ಕೆ ಚಾರ್ಜರನ್ನೂ, ಇರುವ ಒಂದೇ ಕಿಂಡಿಗೆ ಯುಎಸ್‌ಬಿ ಹಬ್ಬನ್ನೂ ಜೋಡಿಸಿ, ಹಬ್ಬಿಗೆ ಪೆನ್‌ಡ್ರೈವ್ ಮತ್ತು ಒಂದು ಸಾಮಾನ್ಯ ಕೀಲಿಮಣೆಯನ್ನು ಸಿಕ್ಕಿಸಿ ಆನ್ ಮಾಡಿದಾಗ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವಿನ ಹೆಸರು ಬಂತು. ಇನ್‌ಸ್ಟಾಲರ್ ಶುರುವಾದ ಮೇಲೆ ಅದರ ಶೆಲ್ಲಿಗೆ (ಆದೇಶ ಟೈಪ್ ಮಾಡುವ ಪರದೆಗೆ) ಹೋಗಿ, ಸಿಸ್ ಕೋಶದ ಒಳಗೆ ಫರ್ಮ್‌ವೇರಿನ ಇಎಫ್‌ಐ ವಿಭಾಗದಲ್ಲಿರುವ ಎಫ್‌ಡಬ್ಲ್ಯೂ_ಪ್ಲಾಟ್‌ಫಾರ್ಮ್_ಸೈಜ್ ಎಂಬ ಕಡತವನ್ನು ಓದಿದೆ. ಅದರಲ್ಲಿ 32 ಎಂಬ ಸಂಖ್ಯೆ ಮಾತ್ರ ಇತ್ತು. ಊಹೆ ಅಲ್ಲಿಗೆ ಸಾಬೀತಾಯಿತು.

ಅನುಸ್ಥಾಪನೆ ಮುಗಿದ ಮೇಲಿನ ಮೌನ

ಇನ್‌ಸ್ಟಾಲ್ ಮಾಡುವ ಕೆಲಸದಲ್ಲಿ ಹೇಳಬೇಕಾದ್ದು ಹೆಚ್ಚಿಲ್ಲ. ಇಎಂಎಂಸಿ ಆದ್ದರಿಂದ ಸಂಗ್ರಹದ ಹೆಸರು ಎಸ್‌ಡಿಎ ಎಂದಿರದೆ ಎಂಎಂಸಿಬಿಎಲ್‌ಕೆ0 ಎಂದಿತ್ತು, ಇಡೀ ಸಂಗ್ರಹವನ್ನು ಬಳಸುವ ಆಯ್ಕೆ ಕೊಟ್ಟೆ, ಡೆಸ್ಕ್‌ಟಾಪಿಗೆ ಎಕ್ಸ್‌ಎಫ್‌ಸಿಇ ಆರಿಸಿದೆ. ವೈಫೈ ಚಿಪ್ ರಿಯಲ್‌ಟೆಕ್ ಆರ್‌ಟಿಎಲ್8723ಬಿಎಸ್. ಅದಕ್ಕೆ ಬೇಕಾದ ಮುಕ್ತವಲ್ಲದ ಫರ್ಮ್‌ವೇರನ್ನು (ಇದು ಚಿಪ್ಪಿನ ಸ್ವಂತ ತಂತ್ರಾಂಶ, ಬೂಟ್ ಮಾಡುವ ಫರ್ಮ್‌ವೇರ್ ಅಲ್ಲ) ಡೆಬಿಯನ್ 12ರಿಂದ ಅಧಿಕೃತ ಇಮೇಜಿನಲ್ಲಿಯೇ ಕೊಡುತ್ತಿರುವುದರಿಂದ ಜಾಲ ತಾನಾಗಿ ಸಿಕ್ಕಿತು. ಫರ್ಮ್‌ವೇರ್ 32 ಬಿಟ್ಟಿನದೆಂದು ಇನ್‌ಸ್ಟಾಲರ್ ಗುರುತಿಸಿ ಗ್ರಬ್‌ನ ಐಎ32 ಪ್ಯಾಕೇಜನ್ನೇ ಹಾಕಿದ್ದನ್ನೂ ದಾಖಲೆಯಲ್ಲಿ ನೋಡಿಕೊಂಡೆ. ಎಲ್ಲವೂ ಸರಿಯಾಯಿತೆಂದು ಸಂದೇಶ ಬಂತು. ಪೆನ್‌ಡ್ರೈವ್ ತೆಗೆದು ರೀಬೂಟ್ ಮಾಡಿದರೆ ಯಂತ್ರ ನೇರವಾಗಿ ತನ್ನ ಸೆಟಪ್ ಪರದೆಗೆ ಹೋಗಿ ನಿಂತಿತು. ಬೂಟ್ ಪಟ್ಟಿ ಖಾಲಿ.

ಈ ಘಟ್ಟದಲ್ಲಿ ಹಲವರು ಮತ್ತೊಮ್ಮೆ ಮೊದಲಿನಿಂದ ಇನ್‌ಸ್ಟಾಲ್ ಮಾಡುತ್ತಾರೆ. ಅದು ಸಮಯ ತಿನ್ನುವ ಕೆಲಸ ಮಾತ್ರವಲ್ಲ, ಇರುವ ಸಾಕ್ಷ್ಯವನ್ನು ಅಳಿಸುವ ಕೆಲಸ ಕೂಡ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಒಳಗೆ ಹಾಕಿದ ವ್ಯವಸ್ಥೆ ಕೆಟ್ಟಿದೆಯೇ, ಅಥವಾ ಫರ್ಮ್‌ವೇರಿಗೆ ಅದರ ವಿಳಾಸ ಗೊತ್ತಿಲ್ಲವೇ? ಇದನ್ನು ಬೇರ್ಪಡಿಸಲು ಒಂದು ಸುಲಭ ಪರೀಕ್ಷೆ ಇದೆ. ಡೆಬಿಯನ್ ಪೆನ್‌ಡ್ರೈವನ್ನು ಮತ್ತೆ ಸಿಕ್ಕಿಸಿ ಅದರ ಗ್ರಬ್ ಮೆನು ಬಂದಾಗ ಸಿ ಕೀಲಿ ಒತ್ತಿದರೆ ಗ್ರಬ್‌ನ ಆದೇಶ ಸಾಲು ತೆರೆಯುತ್ತದೆ. ಅಲ್ಲಿ ಎಲ್‌ಎಸ್ ಎಂದು ಕೊಟ್ಟಾಗ ಎಚ್‌ಡಿ0 ಎಂದು ಪೆನ್‌ಡ್ರೈವ್, ಎಚ್‌ಡಿ1 ಎಂದು ಒಳಗಿನ ಸಂಗ್ರಹ, ಅದರ ಮೂರು ಜಿಪಿಟಿ ಪಾರ್ಟಿಷನ್‌ಗಳು ಪಟ್ಟಿಯಾದವು. ಎರಡನೆಯ ಪಾರ್ಟಿಷನ್ನಿನ ಬೂಟ್ ಕೋಶದಲ್ಲಿ ಕರ್ನಲ್ ಕಡತವೂ ಗ್ರಬ್‌ನ ಸಂರಚನಾ ಕಡತವೂ ಇದ್ದವು. ಕಾನ್ಫಿಗ್‌ಫೈಲ್ ಆದೇಶಕ್ಕೆ ಆ ಸಂರಚನಾ ಕಡತದ ವಿಳಾಸ ಕೊಟ್ಟ ಕೂಡಲೇ ಒಳಗಿನ ಡೆಬಿಯನ್ನಿನ ಮೆನು ತೆರೆಯಿತು, ಎಂಟರ್ ಒತ್ತಿದಾಗ ಕರ್ನಲ್ ಲೋಡ್ ಆಗುತ್ತಿರುವ ಸಾಲುಗಳೂ ಬಂದವು. ಆಮೇಲೆ ಪರದೆ ಕಪ್ಪಾಯಿತು ಎಂಬುದು ನಿಜ, ಅದರ ವಿಚಾರ ಮುಂದೆ ಬರುತ್ತದೆ; ಈ ಹಂತಕ್ಕೆ ಬೇಕಾದ ಉತ್ತರ ಮಾತ್ರ ಸಿಕ್ಕಿತ್ತು. ಸಂಗ್ರಹದಲ್ಲಿದ್ದ ಗ್ರಬ್ ಸಂರಚನೆಯೂ ಕರ್ನಲ್ಲೂ ಸರಿಯಾಗಿವೆ, ಫರ್ಮ್‌ವೇರಿನಿಂದ ಅಲ್ಲಿಗೆ ಹೋಗುವ ದಾರಿ ಇಲ್ಲ.

ಪೆನ್‌ಡ್ರೈವಿನ ರೆಸ್ಕ್ಯೂ ವಿಧಾನದಲ್ಲಿ ಒಳಗಿನ ವ್ಯವಸ್ಥೆಗೆ ಹೋಗಿ ಇಎಫ್‌ಐಬೂಟ್‌ಎಂಜಿಆರ್ ಉಪಕರಣದಿಂದ ಬೂಟ್ ನಮೂದುಗಳನ್ನು ನೋಡಿದೆ. ಇನ್‌ಸ್ಟಾಲರ್ ಬರೆದಿರಬೇಕಾದ ಡೆಬಿಯನ್ ಎಂಬ ನಮೂದು ಅಲ್ಲಿರಲಿಲ್ಲ. ಅದನ್ನು ಕೈಯಾರೆ ಸೇರಿಸಿದೆ, ಪಟ್ಟಿಯಲ್ಲಿ ಕಾಣಿಸಿತು, ರೀಬೂಟ್ ಮಾಡಿದ ಮೇಲೆ ಮತ್ತೆ ಮಾಯವಾಗಿತ್ತು. ಅಂದರೆ ಈ ಫರ್ಮ್‌ವೇರ್ ಹೊರಗಿನವರು ತನ್ನ ಶಾಶ್ವತ ಸ್ಮೃತಿಯಲ್ಲಿ ಬರೆದ ನಮೂದನ್ನು ಉಳಿಸಿಕೊಳ್ಳುವುದಿಲ್ಲ. ವಿಂಡೋಸಿನ ಬೂಟ್ ಕಡತ ತನ್ನ ಸ್ಥಳದಲ್ಲಿದ್ದರೆ ಅದನ್ನು ಚಲಾಯಿಸುತ್ತದೆ, ಇಲ್ಲವಾದರೆ ಇಎಫ್‌ಐ ಪಾರ್ಟಿಷನ್ನಿನ ಬೂಟ್ ಕೋಶದಲ್ಲಿ ಬೂಟ್‌ಐಎ32 ಇದೆಯೇ ಎಂದು ನೋಡುತ್ತದೆ, ಅದೂ ಇಲ್ಲದಿದ್ದರೆ ಕೈಚೆಲ್ಲುತ್ತದೆ. ಡೆಬಿಯನ್ ತನ್ನ ಗ್ರಬ್ಬನ್ನು ಡೆಬಿಯನ್ ಎಂಬ ಹೆಸರಿನ ಬೇರೆ ಕೋಶದಲ್ಲಿ ಇಟ್ಟಿತ್ತು, ಅದು ನಿಯಮದ ಪ್ರಕಾರ ಸರಿಯಾದ ಜಾಗವೇ. ತಪ್ಪು ನಿಯಮವನ್ನು ಅರ್ಧಕ್ಕೇ ಓದಿದ ಫರ್ಮ್‌ವೇರಿನದು.

ಇಲ್ಲಿ ಒಂದು ಅಡ್ಡದಾರಿ ಎಲ್ಲರಿಗೂ ಹೊಳೆಯುತ್ತದೆ: ಡೆಬಿಯನ್ ಕೋಶದ ಗ್ರಬ್ ಕಡತವನ್ನು ಬೂಟ್ ಕೋಶಕ್ಕೆ ನಕಲು ಮಾಡಿ ಬೂಟ್‌ಐಎ32 ಎಂದು ಹೆಸರು ಬದಲಿಸುವುದು. ಇದರಿಂದ ಅಂದಿನ ಕೆಲಸ ಆಗುತ್ತದೆ. ಆದರೆ ಮುಂದೆ ಗ್ರಬ್ ಅಪ್‌ಡೇಟ್ ಆದಾಗ ಡೆಬಿಯನ್ ಕೋಶದ ಪ್ರತಿ ಮತ್ತು ಮೂಲ ಪಾರ್ಟಿಷನ್ನಿನಲ್ಲಿರುವ ಗ್ರಬ್ ಮಾಡ್ಯೂಲ್‌ಗಳು ಹೊಸದಾಗುತ್ತವೆ, ಕೈಯಿಂದ ನಕಲು ಮಾಡಿದ ಪ್ರತಿ ಹಳತಾಗಿಯೇ ಉಳಿಯುತ್ತದೆ, ಹಳೆಯ ತಿರುಳು ಹೊಸ ಮಾಡ್ಯೂಲನ್ನು ಲೋಡ್ ಮಾಡಲು ಹೋಗಿ ಸಿಂಬಲ್ ಸಿಗಲಿಲ್ಲ ಎಂದು ಹೇಳಿ ಗ್ರಬ್ ರೆಸ್ಕ್ಯೂ ಸಾಲಿನಲ್ಲಿ ನಿಂತುಬಿಡುತ್ತದೆ. 2020ರ ಜುಲೈಯಲ್ಲಿ ಬೂಟ್‌ಹೋಲ್ ಎಂಬ ಭದ್ರತಾ ದೋಷಕ್ಕಾಗಿ ಗ್ರಬ್ ಅಪ್‌ಡೇಟ್ ಬಂದಾಗ ಅನೇಕ ಯಂತ್ರಗಳು ಗ್ರಬ್_ಕ್ಯಾಲಾಕ್ ಎಂಬ ಸಿಂಬಲ್ ಸಿಗಲಿಲ್ಲವೆಂದು ನಿಂತದ್ದು ಇಂಥ ಹೊಂದಾಣಿಕೆ ತಪ್ಪಿದ್ದರಿಂದಲೇ. ಲಿನಕ್ಸ್ ಗೊತ್ತಿಲ್ಲದ ಹಿರಿಯರ ಮನೆಗೆ ಹೋಗಲಿರುವ ಯಂತ್ರದಲ್ಲಿ ಆರು ತಿಂಗಳ ನಂತರ ಸಿಡಿಯುವ ಉಪಾಯವನ್ನು ಬಿಟ್ಟು ಬರುವುದು ಸರಿಯಲ್ಲ.

ಡೆಬಿಯನ್ ಇದಕ್ಕೆಂದೇ ಒಂದು ಆಯ್ಕೆ ಇಟ್ಟಿದೆ. ಗ್ರಬ್‌ನ ಐಎ32 ಪ್ಯಾಕೇಜನ್ನು ಡಿಪಿಕೆಜಿ-ರಿಕಾನ್ಫಿಗರ್ ಮೂಲಕ ಮತ್ತೆ ಸಂರಚಿಸುವಾಗ, ಕಳಚಬಹುದಾದ ಸಾಧನಗಳ ಇಎಫ್‌ಐ ದಾರಿಯಲ್ಲಿಯೂ ಗ್ರಬ್ಬನ್ನು ಒತ್ತಾಯವಾಗಿ ಹಾಕಬೇಕೇ ಎಂದು ಅದು ಕೇಳುತ್ತದೆ. ಹೌದು ಎಂದರೆ ಬೂಟ್ ಕೋಶದಲ್ಲಿ ಸರಿಯಾದ ಹೆಸರಿನ ಪ್ರತಿಯನ್ನು ಇಡುವುದಲ್ಲದೆ ಮುಂದಿನ ಪ್ರತಿ ಅಪ್‌ಡೇಟಿನಲ್ಲಿಯೂ ಅದನ್ನು ಹೊಸದು ಮಾಡುತ್ತದೆ. ಪರಿಣತರಿಗಾಗಿ ಇರುವ ಇನ್‌ಸ್ಟಾಲ್ ವಿಧಾನದಲ್ಲಿ ಈ ಪ್ರಶ್ನೆ ಮೊದಲೇ ಬರುತ್ತದೆ, ಸಾಮಾನ್ಯ ವಿಧಾನದಲ್ಲಿ ಬರುವುದಿಲ್ಲ. ಹೌದು ಎಂದು ಕೊಟ್ಟು, ಪೆನ್‌ಡ್ರೈವ್ ಕಿತ್ತು, ರೀಬೂಟ್ ಮಾಡಿದಾಗ ಒಳಗಿನ ಗ್ರಬ್ ಮೆನು ತಾನಾಗಿಯೇ ಬಂತು.

ಕತ್ತಲಾದ ಪರದೆ

ಇನ್ನು ಆ ಕಪ್ಪು ಪರದೆ. ಗ್ರಬ್ ಮೆನುವಿನಿಂದ ಡೆಬಿಯನ್ ಆರಿಸಿದರೆ ಎರಡು ಸಾಲು ಕಾಣಿಸಿ ಪರದೆ ಪೂರ್ತಿ ಕತ್ತಲಾಗುತ್ತಿತ್ತು, ಎಷ್ಟು ಕಾದರೂ ಹಾಗೆಯೇ ಇರುತ್ತಿತ್ತು. ಬೇ ಟ್ರೇಲ್ ಯಂತ್ರ ಎಂದ ಕೂಡಲೇ ಬಲ್ಲವರು ಕೊಡುವ ಸಲಹೆ ಇಂಟೆಲ್_ಐಡಲ್ ಮಾಡ್ಯೂಲಿನ ಮ್ಯಾಕ್ಸ್_ಸಿಸ್ಟೇಟ್ ಮೌಲ್ಯವನ್ನು 1ಕ್ಕೆ ಇಳಿಸಿ ಎಂಬುದು. ಅದಕ್ಕೆ ಆಧಾರವಿದೆ, ಈ ಪ್ರೊಸೆಸರುಗಳು ಆಳವಾದ ನಿದ್ರಾಸ್ಥಿತಿಗೆ ಹೋಗಿ ಹಾಗೆಯೇ ಸೆಟೆದು ನಿಲ್ಲುವ ದೋಷ ಹಳೆಯ ಕರ್ನಲ್‌ಗಳಲ್ಲಿ ವರ್ಷಗಟ್ಟಲೆ ಕಾಡಿತ್ತು. ಆದರೆ ಯಂತ್ರ ಸೆಟೆದು ನಿಂತಿದೆಯೆಂದು ತೋರಿಸದೆ ಆ ಮಾತ್ರೆಯನ್ನು ನುಂಗಿಸಿದರೆ ಬ್ಯಾಟರಿ ಬೇಗ ಕರಗುತ್ತದೆ, ರೋಗ ಉಳಿಯುತ್ತದೆ.

ಹಬ್ಬಿಗೆ ಜೋಡಿಸಿದ್ದ ಕೀಲಿಮಣೆಯಲ್ಲಿ ಕ್ಯಾಪ್ಸ್ ಲಾಕ್ ಒತ್ತಿದೆ. ದೀಪ ಹೊತ್ತಿತು, ಮತ್ತೆ ಒತ್ತಿದರೆ ಆರಿತು. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ, ಆಮೇಲೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿದಾಗ ಯಂತ್ರ ಕ್ರಮಬದ್ಧವಾಗಿ ರೀಬೂಟ್ ಆಯಿತು. ಅಂದರೆ ಕರ್ನಲ್ ಓಡುತ್ತಿದೆ, ಸಿಸ್ಟಂಡಿ ಆದೇಶ ಕೇಳುತ್ತಿದೆ, ಬೂಟ್ ಎಂಬುದು ವಾಸ್ತವವಾಗಿ ಮುಗಿದೇ ಹೋಗಿದೆ. ಮತ್ತೆ ಬೂಟ್ ಮಾಡಿ, ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿದೆ. ಕಪ್ಪು ಗಾಜಿನ ಒಳಗೆ ಲಾಗಿನ್ ಪೆಟ್ಟಿಗೆಯ ಅಂಚೂ ಬಳಕೆದಾರರ ಹೆಸರಿನ ಅಕ್ಷರಗಳೂ ಮಸುಕಾಗಿ ಕಂಡವು. ಚಿತ್ರ ಮೂಡಿದೆ, ಅದರ ಹಿಂದಿನ ಬ್ಯಾಕ್‌ಲೈಟ್ ಮಾತ್ರ ಹೊತ್ತಿಲ್ಲ.

ಗ್ರಬ್ ಮೆನುವಿನಲ್ಲಿ ಇ ಕೀಲಿ ಒತ್ತಿ ಕರ್ನಲ್ ಸಾಲಿನಿಂದ ಕ್ವಯಟ್ ಎಂಬ ಪದವನ್ನು ತೆಗೆದಾಗ ಸಂದೇಶಗಳು ಓಡತೊಡಗಿ, ಐ915 ಎಂಬ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಪರದೆಯ ಹೊಣೆ ವಹಿಸಿಕೊಂಡ ಕ್ಷಣದಲ್ಲಿಯೇ ಬೆಳಕು ಹೋಯಿತು. ಮುಂದಿನ ಸಲ ಅದೇ ಸಾಲಿಗೆ ನೋಮೋಡ್‌ಸೆಟ್ ಸೇರಿಸಿದೆ. ಇದರಿಂದ ಗ್ರಾಫಿಕ್ಸ್ ಡ್ರೈವರ್ ಪರದೆಯನ್ನು ಮುಟ್ಟುವುದಿಲ್ಲ, ಫರ್ಮ್‌ವೇರ್ ಹೊತ್ತಿಸಿಟ್ಟ ಬ್ಯಾಕ್‌ಲೈಟ್ ಹಾಗೆಯೇ ಉಳಿಯುತ್ತದೆ. ನಿರೀಕ್ಷಿಸಿದಂತೆ ಬೆಳಕಿದ್ದ ಪರದೆಯಲ್ಲಿಯೇ ಬೂಟ್ ಮುಗಿಯಿತು. ಇದನ್ನೇ ಶಾಶ್ವತ ಪರಿಹಾರವೆಂದು ಬಿಟ್ಟುಬಿಡುವವರಿದ್ದಾರೆ. ಹಾಗೆ ಬಿಟ್ಟರೆ ವಿಡಿಯೋ ತಡವರಿಸುತ್ತದೆ, ಪ್ರಕಾಶ ಹೆಚ್ಚುಕಡಿಮೆ ಮಾಡಲು ಬರುವುದಿಲ್ಲ. ನನಗೆ ಅದು ಒಳಗೆ ಹೋಗಿ ದಾಖಲೆ ಓದಲು ಬೇಕಾದ ಬೆಳಕಷ್ಟೇ ಆಗಿತ್ತು.

ಜರ್ನಲ್‌ಸಿಟಿಎಲ್ ಉಪಕರಣದಿಂದ ಹಿಂದಿನ ಬೂಟಿನ ದಾಖಲೆಯನ್ನು ತೆರೆದಾಗ ಐ915 ಬರೆದ ಒಂದು ಕೆಂಪು ಸಾಲು ಸಿಕ್ಕಿತು. ಎಸ್‌ಒಸಿಯ ಪಿಡಬ್ಲ್ಯೂಎಂ ಚಿಪ್ ತನಗೆ ಸಿಗಲಿಲ್ಲ ಎಂಬುದು ಅದರ ಸಾರ. ಈ ಬಗೆಯ ಯಂತ್ರಗಳಲ್ಲಿ ಬ್ಯಾಕ್‌ಲೈಟಿನ ಪ್ರಕಾಶವನ್ನು ಗ್ರಾಫಿಕ್ಸ್ ಭಾಗ ನೇರವಾಗಿ ನಿಯಂತ್ರಿಸುವುದಿಲ್ಲ. ಪ್ರೊಸೆಸರ್ ಚಿಪ್ಪಿನೊಳಗಿನ ಇನ್ನೊಂದು ಪುಟ್ಟ ಘಟಕ ಕ್ಷಣಕ್ಕೆ ಸಾವಿರಾರು ಬಾರಿ ಆನ್ ಆಫ್ ಆಗುವ ಸಂಜ್ಞೆಯಿಂದ ಅದನ್ನು ನಡೆಸುತ್ತದೆ, ಆ ಘಟಕಕ್ಕೆ ಪಿಡಬ್ಲ್ಯೂಎಂ-ಎಲ್‌ಪಿಎಸ್‌ಎಸ್ ಎಂಬ ಪ್ರತ್ಯೇಕ ಡ್ರೈವರ್ ಬೇಕು. ಬೂಟ್ ಸಮಯದ ಅಲಂಕಾರದ ಚಿತ್ರ ತೋರಿಸುವ ಪ್ಲಿಮತ್ ಇದ್ದುದರಿಂದ ಐ915 ಡ್ರೈವರ್ ಇನಿಟ್‌ರ‍್ಯಾಮ್‌ಎಫ್‌ಎಸ್ಸಿನೊಳಗೆ ಸೇರಿಕೊಂಡು ತೀರಾ ಬೇಗ ಎದ್ದಿತ್ತು, ಪಿಡಬ್ಲ್ಯೂಎಂ ಡ್ರೈವರ್ ಮಾತ್ರ ಇನ್ನೂ ತೆರೆಯದ ಮೂಲ ಪಾರ್ಟಿಷನ್ನಿನಲ್ಲಿ ಉಳಿದಿತ್ತು. ಹುಡುಕಿದಾಗ ಜೊತೆಗಾರ ಸಿಗದೆ ಐ915 ಬ್ಯಾಕ್‌ಲೈಟನ್ನು ಕೈಬಿಟ್ಟು ಮುಂದೆ ಸಾಗಿತ್ತು. ಯಾವ ಭಾಗವೂ ಕೆಟ್ಟಿರಲಿಲ್ಲ, ಬಂದ ಸರದಿ ತಪ್ಪಿತ್ತು.

ಪರಿಹಾರ ಎರಡು ಸಾಲಿನದು. ಇಟಿಸಿ ಕೋಶದಲ್ಲಿರುವ ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್ ಎಂಬ ಕೋಶದ ಮಾಡ್ಯೂಲ್ಸ್ ಕಡತದಲ್ಲಿ ಪಿಡಬ್ಲ್ಯೂಎಂ-ಎಲ್‌ಪಿಎಸ್‌ಎಸ್ ಎಂದು ಒಂದು ಸಾಲು, ಪಿಡಬ್ಲ್ಯೂಎಂ-ಎಲ್‌ಪಿಎಸ್‌ಎಸ್-ಪ್ಲಾಟ್‌ಫಾರ್ಮ್ ಎಂದು ಇನ್ನೊಂದು ಸಾಲು ಸೇರಿಸಿ, ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ ಆದೇಶವನ್ನು ಯು ಎಂಬ ಆಯ್ಕೆಯೊಡನೆ ಚಲಾಯಿಸಿದೆ. ಈಗ ಎರಡೂ ಡ್ರೈವರ್‌ಗಳು ಒಟ್ಟಿಗೇ ಇರುತ್ತವೆ. ನೋಮೋಡ್‌ಸೆಟ್ ತೆಗೆದು ಬೂಟ್ ಮಾಡಿದಾಗ ಬೆಳಕು ಉಳಿಯಿತು, ಲಾಗಿನ್ ಪರದೆ ಬಂತು, ಪ್ರಕಾಶ ಬದಲಿಸುವ ಕೀಲಿಗಳೂ ಕೆಲಸ ಮಾಡಿದವು.

ನಂತರದ ಸ್ಥಿತಿ

ಯಂತ್ರವನ್ನು ಒಪ್ಪಿಸುವ ಮೊದಲು ಎರಡು ಪರೀಕ್ಷೆಗಳನ್ನು ಮಾಡಿದೆ. ಕರ್ನಲ್ಲಿನ ಹೊಸ ಆವೃತ್ತಿಯನ್ನು ಹಾಕಿ ರೀಬೂಟ್ ಮಾಡಿದಾಗ ಹೊಸ ಇನಿಟ್‌ರ‍್ಯಾಮ್‌ಎಫ್‌ಎಸ್ಸಿನಲ್ಲಿಯೂ ಆ ಎರಡು ಮಾಡ್ಯೂಲ್‌ಗಳು ಸೇರಿದ್ದವು. ಗ್ರಬ್ ಪ್ಯಾಕೇಜನ್ನು ಮತ್ತೆ ಅನುಸ್ಥಾಪಿಸಿ ಇಎಫ್‌ಐ ಪಾರ್ಟಿಷನ್ನಿನ ಬೂಟ್ ಕೋಶವನ್ನು ನೋಡಿದಾಗ ಬೂಟ್‌ಐಎ32 ಕಡತದ ಸಮಯ ಹೊಸದಾಗಿತ್ತು. 2 ಜಿಬಿ ರ‍್ಯಾಮ್ ಆದ್ದರಿಂದ, ಮೆಮೊರಿಯಲ್ಲಿನ ಮಾಹಿತಿಯನ್ನು ಕುಗ್ಗಿಸಿಡುವ ಝಡ್‌ರ‍್ಯಾಮ್ ಸೇರಿಸಿದೆ. ಬ್ರೌಸರಿನಲ್ಲಿ ಕೆಲವು ಪುಟಗಳನ್ನು ತೆರೆದಿಟ್ಟರೆ ತೊಂದರೆಯಿಲ್ಲ, ಅದಕ್ಕಿಂತ ಹೆಚ್ಚು ಕೇಳಬಾರದು. ಕನ್ನಡ ಟೈಪಿಂಗಿಗೆ ಐಬಸ್‌ನಲ್ಲಿ ಎಂ17ಎನ್ ಮೂಲಕ ಕೆಜಿಪಿ ವಿನ್ಯಾಸವನ್ನು ಹಾಕಿದಾಗ ಮೇಷ್ಟ್ರ ಬೆರಳುಗಳಿಗೆ ನುಡಿ ತಂತ್ರಾಂಶದಲ್ಲಿ ರೂಢಿಯಾದ ಕೀಲಿಗಳೇ ಸಿಕ್ಕವು, ಗುಬ್ಬಿ ಮತ್ತು ನವಿಲು ಅಕ್ಷರವಿನ್ಯಾಸಗಳು ಡೆಬಿಯನ್ನಿನ ಪ್ಯಾಕೇಜಿನಲ್ಲಿಯೇ ಬಂದವು. ಅವರ ಹಳೆಯ ಬರಹಗಳಲ್ಲಿ ಕೆಲವು ಯುನಿಕೋಡ್ ಪೂರ್ವದ ಸಂಕೇತದಲ್ಲಿದ್ದುದರಿಂದ ಇಲ್ಲಿ ತೆರೆದರೆ ಅಂಕುಡೊಂಕು ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಪರಿವರ್ತಿಸುವ ಕೆಲಸವನ್ನು ಮೊಮ್ಮಗ ವಹಿಸಿಕೊಂಡಿದ್ದಾನೆ.

ಬಗೆಹರಿಯದೆ ಉಳಿದ ಅಂಶವೂ ಒಂದಿದೆ. ಮುಚ್ಚಳ ಮುಚ್ಚಿ ಸ್ಲೀಪ್‌ಗೆ ಕಳಿಸಿದರೆ ಯಂತ್ರ ಎದ್ದೇಳುತ್ತದೆ, ಆದರೆ ನಿದ್ದೆಯಲ್ಲಿರುವಾಗಲೂ ಬ್ಯಾಟರಿ ಗಮನಕ್ಕೆ ಬರುವಷ್ಟು ಇಳಿಯುತ್ತದೆ, ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆ ಚಾರ್ಜ್ ಹಾಕಲೇಬೇಕಾಗುತ್ತದೆ. ಹಳೆಯ ಸಾಂಪ್ರದಾಯಿಕ ನಿದ್ರಾಸ್ಥಿತಿಯನ್ನು ಈ ಫರ್ಮ್‌ವೇರ್ ಕೊಡುವುದಿಲ್ಲ, ಹೊಸ ಬಗೆಯ ಹಗುರ ನಿದ್ದೆಯಲ್ಲಿ ಇಡೀ ಚಿಪ್ ಆಳಕ್ಕೆ ಇಳಿಯಲು ಎಲ್ಲ ಡ್ರೈವರ್‌ಗಳೂ ಸಹಕರಿಸಬೇಕು. ಅದರ ಬೆನ್ನು ಹತ್ತುವಷ್ಟು ಲಾಭ ಈ ಯಂತ್ರದಲ್ಲಿ ನನಗೆ ಕಾಣಲಿಲ್ಲ. ಆದ್ದರಿಂದ ಮುಚ್ಚಳ ಮುಚ್ಚಿದರೆ ಪರದೆ ಮಾತ್ರ ಆರುವಂತೆ ಇಟ್ಟು, ಕೆಲಸ ಮುಗಿದ ಮೇಲೆ ಪೂರ್ತಿ ಶಟ್‌ಡೌನ್ ಮಾಡಿ ಎಂದು ಮೇಷ್ಟ್ರಿಗೆ ತಿಳಿಸಿದ್ದೇನೆ.